ಹೊಸ ಆಂಪ್ ಬಂತು, ಮನೆ ತುಂಬ ಹಾಡು. ಆದರೆ ರಾತ್ರಿ ಕಿವಿಯಲ್ಲಿ ಕುಂಯ್ ಅಂತಿದೆ, ಎಷ್ಟು ಸೌಂಡ್ ಇಡಬೇಕು?

ಬಿಸಿಲೂರಿನವ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ದುಡ್ಡು ಕೂಡಿಟ್ಟು ಹೋದ ತಿಂಗಳು ಒಂದು ಸ್ಟೀರಿಯೊ ಆಂಪ್ಲಿಫೈಯರ್ (ಆಂಪ್) ತಗೊಂಡೆ. 8 ಓಂ ಸ್ಪೀಕರ್ ಆದರೆ ಎಡಕ್ಕೊಂದು, ಬಲಕ್ಕೊಂದು 60 ವ್ಯಾಟ್ ಕೊಡುತ್ತದೆ. ಸ್ಪೀಕರ್ ಹಳೆಯವೇ, ಕಪಾಟಿನಲ್ಲಿ ಇಡುವಂಥ ಸಣ್ಣ ಬುಕ್‌ಶೆಲ್ಫ್ ಜೋಡಿ, ಹಿಂಬದಿಯಲ್ಲಿ 88 ಡೆಸಿಬಲ್ ಅಂತ ಬರೆದಿದೆ. ಇಷ್ಟು ದಿನ ಅವನ್ನು ಒಂದು ಅಗ್ಗದ ಸಣ್ಣ ಆಂಪ್ ಬೋರ್ಡ್‌ಗೆ ಸಿಗಿಸಿ ಕೇಳುತ್ತಿದ್ದೆ. ಅದೇ ಸ್ಪೀಕರ್ ಇಷ್ಟು ಚೆನ್ನಾಗಿ ಹಾಡುತ್ತವೆ ಅಂತ ಗೊತ್ತೇ ಇರಲಿಲ್ಲ.

ಮೊದಲ ದಿನ ಭೀಮಸೇನ ಜೋಶಿಯವರ ಒಂದು ಹಳೆಯ ರೆಕಾರ್ಡಿಂಗ್ ಹಾಕಿದೆ. ಹಾಡು ಶುರುವಾಗುವ ಮುಂಚೆ ಬರೀ ತಂಬೂರಿ. ನಾಲ್ಕು ತಂತಿ ಒಂದೊಂದಾಗಿ ಮೀಟಿ ಒಂದರೊಳಗೊಂದು ಕರಗುವುದು ಕೇಳಿಸಿತು. ಆಮೇಲೆ ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಏನೂ ಮಾತಾಡಲಿಲ್ಲ, ಹಾಡು ಮುಗಿಯುವ ತನಕ ನಿಂತೇ ಇದ್ದಳು. ಆ ಒಂದು ಸಂಜೆಗೇ ನನ್ನ ದುಡ್ಡು ವಸೂಲಾಯಿತು.

ಈಗ ತೊಂದರೆ ಏನಂದರೆ, ದಿನಾ ಸಂಜೆ ಕೆಲಸದಿಂದ ಬಂದು ಮೂರು ತಾಸು ಕೇಳುತ್ತೇನೆ. ಹೋದ ಗುರುವಾರ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಫ್ಯಾನ್, ಕೂಲರ್ ಎಲ್ಲ ನಿಂತು ಇಡೀ ಓಣಿ ಸುಮ್ಮನಾಯಿತು ನೋಡಿ, ಆಗ ಎಡಗಿವಿಯಲ್ಲಿ ಸಣ್ಣಗೆ ಕುಂಯ್ ಅನ್ನುವುದು ಕೇಳಿಸಿತು. ದೂರದಲ್ಲಿ ಎಲ್ಲೋ ಟಿವಿ ಹಚ್ಚಿಟ್ಟ ಹಾಗೆ. ಬೆಳಗ್ಗೆ ಇರಲಿಲ್ಲ. ಆಮೇಲೆ ಇನ್ನೊಂದು ಸಲ ಆಯಿತು. ಫೋನಲ್ಲಿ ಒಂದು ಆಪ್ ಹಾಕಿ ನಾನು ಕೂರುವ ಸೋಫಾದ ಹತ್ತಿರ ಅಳೆದೆ, 91ರಿಂದ 93 ಡೆಸಿಬಲ್ ತೋರಿಸುತ್ತಿದೆ. ಆದರೆ ಅಷ್ಟು ಜೋರು ಅಂತ ನನಗೆ ಅನಿಸುವುದೇ ಇಲ್ಲ!

ಹಾಲ್ 14 ಅಡಿ, 18 ಅಡಿ. ನೆಲ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ, ಗೋಡೆ ಬರಿದು. ಈ ಬಿಸಿಲಲ್ಲಿ ಕೂಲರ್ ಇಲ್ಲದೆ ಕೂರಲು ಆಗುವುದಿಲ್ಲ, ಅದು ಸದಾ ಓಡುತ್ತಿರುತ್ತದೆ. ಆರು ವರ್ಷದ ಮಗಳು ಸ್ಪೀಕರ್ ಮುಂದೇನೇ ನೆಲದ ಮೇಲೆ ಕೂತು ಚಿತ್ರ ಬರೆಯುತ್ತಾಳೆ. ಅವಳದ್ದೇ ಜಾಸ್ತಿ ಚಿಂತೆ ನನಗೆ. ಇಷ್ಟು ದೊಡ್ಡ ಆಂಪ್ ತಂದದ್ದೇ ತಪ್ಪಾಯಿತಾ? ಎಷ್ಟು ನಂಬರ್ ಒಳಗೆ ಇದ್ದರೆ ಸರಿ? ಇನ್ನೊಂದು, ಬೇಸ್ ಸ್ವಲ್ಪ ತೆಳು ಅನಿಸುತ್ತದೆ, ಅದಕ್ಕೂ ವಾಲ್ಯೂಮ್ ಏರಿಸುತ್ತಾ ಹೋಗುತ್ತೇನೆ.

ಸೋಲ್ಡರ್ ಕಾಕಾ, ಬೀದರ್

ತಮ್ಮಾ, ಮೊದಲು ಖುಷಿ ಪಡು. ತಂಬೂರಿ ತಂತಿ ಬೇರೆ ಬೇರೆ ಕೇಳಿಸಿತು ಅಂದಿಯಲ್ಲ, ಅದಕ್ಕೇ ಆಂಪ್ ತಗೋಬೇಕು. ಇಪ್ಪತ್ತೈದು ವರ್ಷದಿಂದ ಇವನ್ನು ಬಿಚ್ಚಿ ಜೋಡಿಸುತ್ತಾ ಬಂದಿದ್ದೇನೆ, ದೊಡ್ಡ ಆಂಪ್ ತಂದದ್ದು ತಪ್ಪಲ್ಲ.

ನಿನಗೆ ಜೋರು ಅನಿಸುತ್ತಿಲ್ಲ ಅಂದಿಯಲ್ಲ, ಕಥೆ ಇರುವುದು ಅಲ್ಲೇ. ಹಳೆಯ ಬೋರ್ಡ್ ಅರ್ಧಕ್ಕೆ ಏರಿಸುವಷ್ಟರಲ್ಲಿ ಒಡೆಯುತ್ತಿತ್ತು. ಸೌಂಡ್ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಆಗ ದನಿ ಗೊರಗೊರ, ಕರಕರ ಅಂತ ಕಿವಿಗೆ ಚುಚ್ಚುತ್ತದೆ, ಕೈ ತಾನೇ ಹೋಗಿ ವಾಲ್ಯೂಮ್ ಇಳಿಸುತ್ತದೆ. ಆ ಚುಚ್ಚುವುದನ್ನೇ ನಾವು ಜೋರು ಅಂದುಕೊಂಡಿರುತ್ತೇವೆ. ಒಳ್ಳೆ ಆಂಪ್ 92ರಲ್ಲೂ ಹಾಲಿನ ಹಾಗೆ ಸ್ವಚ್ಛ. ಚುಚ್ಚುವುದಿಲ್ಲ, ಅದಕ್ಕೆ ಕೈ ಇಳಿಸುವುದಿಲ್ಲ. ಆದರೆ ಕಿವಿಯೊಳಗೆ ಬೀಳುವ ಪೆಟ್ಟು ಸ್ವಚ್ಛ ದನಿಗೂ ಅಷ್ಟೇ. ಅದಕ್ಕೆ ಒಳ್ಳೆ ಆಂಪ್ ತಂದವನು ಕಿವಿ ನಂಬಿ ಕೂರಬಾರದು, ಅಳೆಯಬೇಕು.

ವ್ಯಾಟ್ ಲೆಕ್ಕ ಹೇಳುತ್ತೇನೆ ಕೇಳು. 88 ಡೆಸಿಬಲ್ ಅಂದರೆ ನಿನ್ನ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಬರುವ ಸೌಂಡ್. ನೀನು ಹತ್ತು ಅಡಿ ದೂರ ಕೂತಿದ್ದೀ ಅನ್ನು, ಒಂದಷ್ಟು ಕಳೆಯುತ್ತದೆ. ಎರಡು ಸ್ಪೀಕರ್ ಇವೆ, 3 ಸೇರುತ್ತದೆ. ಕಲ್ಲಿನ ನೆಲ, ಬರೀ ಗೋಡೆ, ಅವೂ ಸ್ವಲ್ಪ ವಾಪಸ್ ಎಸೆಯುತ್ತವೆ. ಎಲ್ಲ ಕೂಡಿ ಕಳೆದು ಹೆಚ್ಚುಕಮ್ಮಿ 85. ಅಂದರೆ ಒಂದೊಂದೇ ವ್ಯಾಟ್‌ಗೆ ನಿನ್ನ ಸೋಫಾದಲ್ಲಿ 85! ನಿನ್ನ 92ಕ್ಕೆ ಐದು ವ್ಯಾಟ್ ಸಾಕು. ಪೂರ್ತಿ 60 ಬಿಟ್ಟರೆ ನೂರು ದಾಟುತ್ತದೆ. ಉಳಿದ ವ್ಯಾಟ್ ದಿನಾ ಉರಿಸಲಿಕ್ಕಲ್ಲ, ತಬಲಾದ ಒಂದು ಬಲವಾದ ಪೆಟ್ಟು ಬಂದಾಗ ಒಡೆಯದೆ ಕೊಡಲಿಕ್ಕೆ. ಸರಾಸರಿಗಿಂತ 10, 15 ಡೆಸಿಬಲ್ ಮೇಲೆ ಹೋಗುತ್ತವೆ ಆ ಪೆಟ್ಟುಗಳು. ಹತ್ತು ಡೆಸಿಬಲ್ ಮೇಲೆ ಅಂದರೆ ಹತ್ತು ಪಟ್ಟು ವ್ಯಾಟ್.

ನಾಬ್ ಎಲ್ಲಿದೆ ಅಂತ ನೋಡಿ ಲೆಕ್ಕ ಹಾಕಬೇಡ. ಅದೇ ಜಾಗದಲ್ಲಿ ಫೋನಿನ ಬ್ಲೂಟೂತ್‌ನಿಂದ ಬಂದರೆ ಒಂದು ಸೌಂಡ್, ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ) ಬಂದರೆ ಇನ್ನೊಂದು. ಒಂಬತ್ತು ಗಂಟೆಯ ಜಾಗದಲ್ಲೇ ಕಿವಿ ಹರಿಯುವಷ್ಟು ಬರಬಹುದು.

ಬೇಸ್ ತೆಳು ಅಂದಿ. ಇವತ್ತೇ ಆಂಪ್ ಆಫ್ ಮಾಡಿ ಹಿಂದೆ ವೈರ್ ನೋಡು. ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇದೆಯಾ? ಒಂದು ಸ್ಪೀಕರ್‌ಗೆ ಉಲ್ಟಾ ಆಗಿದ್ದರೆ ಒಂದರ ಕೋನ್ (ಸ್ಪೀಕರ್‌ನಲ್ಲಿ ಅಲ್ಲಾಡುವ ಪರದೆ) ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಬೇಸ್ ಒಂದನ್ನೊಂದು ತಿಂದು ಹಾಕುತ್ತವೆ. ನೂರಕ್ಕೆ ಏರಿಸಿದರೂ ಬೇಸ್ ಬರುವುದಿಲ್ಲ.

ಶ್ರವಣ, ಕಲಬುರಗಿ

ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವುದು ನನ್ನ ಕೆಲಸ. ಕಾಕಾ ಹೇಳಿದ್ದು ಸರಿ ಇದೆ, ನಾನು ಕಿವಿ ಕಡೆಯಿಂದ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಹೆಚ್ಚೆಂದರೆ ವಾರಕ್ಕೆ 40 ತಾಸು 80 ಡೆಸಿಬಲ್. ಮಕ್ಕಳಿಗೆ ಅದೇ 40 ತಾಸಿಗೆ 75. ಸೌಂಡ್ 3 ಡೆಸಿಬಲ್ ಏರಿದರೆ ಸಮಯ ಅರ್ಧ ಆಗುತ್ತದೆ. 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ 5, 92ಕ್ಕೆ ಬರೀ ಎರಡೂವರೆ. ಇದು ಇಡೀ ವಾರಕ್ಕೆ, ಒಂದು ದಿನಕ್ಕಲ್ಲ. ನೀವು ದಿನಕ್ಕೆ ಮೂರು ತಾಸಿನ ಹಾಗೆ ವಾರಕ್ಕೆ 21 ತಾಸು ಕೇಳುತ್ತಿದ್ದೀರಿ. ವಾರದ ಪಾಲು ಮೊದಲ ದಿನವೇ ಮುಗಿದು ಹೋಗುತ್ತಿದೆ. ಅಮೆರಿಕದ ನಯೋಶ್ (ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಸರ್ಕಾರಿ ಸಂಸ್ಥೆ) ಕೆಲಸದ ಜಾಗಗಳಿಗೆ ಶಿಫಾರಸು ಮಾಡಿದ ಮಿತಿ ಇನ್ನೂ ಸಡಿಲ, ದಿನಕ್ಕೆ 8 ತಾಸು 85. ಅದರ ಲೆಕ್ಕದಲ್ಲೂ 91ಕ್ಕೆ ದಿನಕ್ಕೆ 2 ತಾಸು ಮಾತ್ರ. ಎಲ್ಲಿಂದ ನೋಡಿದರೂ ಜಾಸ್ತಿಯೇ ಆಯಿತು.

80ಕ್ಕೆ ಇಳಿಸಿ. ಆಗ 21 ತಾಸು ಧಾರಾಳವಾಗಿ ಕೇಳಬಹುದು. ಹಾಡು ಕೇಳುವುದನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಕುಂಯ್ ಅನ್ನುವುದು ಕಿವಿ ದಣಿದಿದೆ ಅನ್ನುವ ಗುರುತು. ಒಳಗಿವಿಯಲ್ಲಿ ಶಂಖದ ಆಕಾರದ ಒಂದು ಭಾಗ ಇದೆ, ಅದರಲ್ಲಿ ಕೂದಲಿನಂಥ ಎಳೆ ಇರುವ ಸಣ್ಣ ಕೋಶಗಳು. ಜೋರು ಸೌಂಡ್‌ಗೆ ಅವು ಬಳಲುತ್ತವೆ, ವಿಶ್ರಾಂತಿ ಕೊಟ್ಟರೆ ಸುಧಾರಿಸಿಕೊಳ್ಳುತ್ತವೆ. ದಿನಾ ಹಾಗೇ ಮಾಡಿದರೆ ಸಾಯುತ್ತವೆ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಿಮಗೆ ಬೆಳಗ್ಗೆ ಹೋಗಿದೆ, ಅದು ಸಮಾಧಾನ. ಆದರೂ ಎಡಗಿವಿಯಲ್ಲಿ ಮಾತ್ರ ಅಂದಿರಲ್ಲ, ಒಂದೇ ಕಿವಿ ಅಂದರೆ ತೋರಿಸಿಕೊಳ್ಳಲೇಬೇಕು. ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಗುಗ್ಗೆ ಇದೆಯಾ ನೋಡಿಸಿ, ಆಮೇಲೆ ಆಡಿಯೊಗ್ರಾಮ್ ಮಾಡಿಸಿ, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ಗೆರೆ ಹಾಕಿ ತೋರಿಸುವ ಪರೀಕ್ಷೆ. ಸೌಂಡ್‌ನಿಂದ ಪೆಟ್ಟು ಬಿದ್ದಿದ್ದರೆ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ, ಅಂದರೆ ಎತ್ತರದ ಸ್ವರಗಳ ಕಡೆ, ಗೆರೆ ತಗ್ಗಿಗೆ ಬಿದ್ದಿರುತ್ತದೆ. ಹಿಂದಿನ ದಿನ ಹಾಡು ಹಾಕಬೇಡಿ, ಇಲ್ಲದಿದ್ದರೆ ದಣಿದ ಕಿವಿಯ ಗೆರೆ ಬರುತ್ತದೆ. ಹತ್ತಿ ಕಡ್ಡಿ ಹಾಕಲೇಬೇಡಿ. ಮತ್ತೆ ಎಲ್ಲರಿಗೂ ಒಂದು ಮಾತು, ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದೆ ಹೋದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಹೋಗಿ.

ಮಗಳನ್ನು ಮೊದಲು ಅಲ್ಲಿಂದ ಎಬ್ಬಿಸಿ. ನಿಮ್ಮ ಸೋಫಾದಲ್ಲಿ 92 ಅಂದರೆ ಸ್ಪೀಕರ್ ಮುಂದೆ ಇನ್ನೂ ಜಾಸ್ತಿ ಇರುತ್ತದೆ. ಬುಕ್‌ಶೆಲ್ಫ್ ಸ್ಪೀಕರ್‌ನ ಟ್ವೀಟರ್ (ಎತ್ತರದ ಸ್ವರ ಹೊರಡಿಸುವ ಸಣ್ಣ ಭಾಗ) ನೆಲದ ಮೇಲೆ ಕೂತ ಮಗುವಿನ ಕಿವಿಗೆ ಎಷ್ಟು ಹತ್ತಿರ ಬರುತ್ತದೆ, ಒಮ್ಮೆ ನೀವೇ ಅಲ್ಲಿ ಕೂತು ನೋಡಿ.

ತೊಗರಿ ಹೊಲ, ಚಿತ್ತಾಪುರ

ಅಣ್ಣಾ, ಕೂಲರ್! ನಿಮ್ಮ ವಾಲ್ಯೂಮ್ ಏರಿಸುತ್ತಿರುವುದು ನೀವಲ್ಲ, ಕೂಲರ್. ನಮ್ಮ ಮನೆಯಲ್ಲಿ ಹಾಡಿಲ್ಲದೆ ಬರೀ ಕೂಲರ್ ಅಳೆದೆ, ಫುಲ್ ಸ್ಪೀಡಿಗೆ 64 ಬಂತು. ತಂಬೂರಿ ಆ ಭರ್ ಅನ್ನುವುದರ ಮೇಲೆ ಕೇಳಬೇಕು ಅಂದರೆ ಹಾಡುವವರ ದನಿ 90ಕ್ಕೆ ಹೋಗುತ್ತದೆ, ಬೇರೆ ದಾರಿನೇ ಇಲ್ಲ. ಕೂಲರ್ ಬಂದ್ ಮಾಡಿದ ಮೇಲೆ 38. ನಾವು ಅದನ್ನು ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಇಟ್ಟೆವು, ಗಾಳಿ ಮಾತ್ರ ಒಳಗೆ. ಕೇಳುವಾಗ ಲೋ ಸ್ಪೀಡು. ಭಾಳ ಫರಕ್ ಆಯಿತು.

ನಾನಂತೂ ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಕೇಳುತ್ತೇನೆ. ಆಗ ಕೂಲರ್ ಬೇಡ, ಫ್ಯಾನೂ ಬೇಡ.

ಭೀಮಾ ದಂಡೆ, ಯಾದಗಿರಿ

ಆಂಪ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ನಮ್ಮ ಕಾಕಾನ ಬಗ್ಗೆ ಹೇಳಬೇಕು ಅನಿಸಿತು.

ಅವರು ಬಟ್ಟೆ ಮಿಲ್‌ನಲ್ಲಿ ಮಗ್ಗದ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಸಾಲಾಗಿ ಮಗ್ಗ, ಪಕ್ಕದವರ ಜೊತೆ ಮಾತಾಡಬೇಕು ಅಂದರೆ ಕಿವಿಗೆ ಬಾಯಿ ಹಚ್ಚಬೇಕು. ಕಿವಿಗೆ ಹಾಕಿಕೊಳ್ಳಲು ಯಾರೂ ಏನೂ ಕೊಡಲಿಲ್ಲ, ಕೇಳಬೇಕು ಅಂತ ಇವರಿಗೂ ಗೊತ್ತಿರಲಿಲ್ಲ. ಮೊದಮೊದಲು ಮನೆಗೆ ಬಂದ ಮೇಲೆ ಕಿವಿ ಕುಂಯ್ ಅನ್ನುತ್ತದೆ, ಬೆಳಗ್ಗೆ ಸರಿ ಹೋಗುತ್ತದೆ ಅನ್ನುತ್ತಿದ್ದರಂತೆ. ನೀವು ಬರೆದದ್ದೇ ಮಾತು, ಅದಕ್ಕೇ ಓದಿ ಎದೆ ಝಲ್ ಅಂತು.

ಈಗ ಅವರಿಗೆ ಪೂರ್ತಿ ಕೇಳುವುದಿಲ್ಲ ಅಂತೇನಿಲ್ಲ. ಲಾರಿ ಬಂದರೆ ಗೊತ್ತಾಗುತ್ತದೆ, ಗಂಡಸರ ದನಿ ಕೇಳುತ್ತದೆ. ಮಾತು ಕೇಳುತ್ತದೆ ಆದರೆ ಮಾತು ಯಾವುದು ಅಂತ ತಿಳಿಯುವುದಿಲ್ಲ. 'ಸಾರು' ಅಂದರೆ 'ಯಾರು' ಅನ್ನುತ್ತಾರೆ. ಸ, ಶ, ತ ಇವೆಲ್ಲ ಮಾಯ. ಮೊಮ್ಮಗಳು ಓಡಿ ಬಂದು ತೊಡೆ ಮೇಲೆ ಕೂತು ಏನೋ ಹೇಳುತ್ತಾಳೆ, ಇವರು ಅವಳ ತುಟಿ ನೋಡುತ್ತಾ ನಗುತ್ತಾ ತಲೆ ಆಡಿಸುತ್ತಾರೆ. ಅವಳು ಹೋದ ಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, ಏನಂದಳು ಅಂತ ಕೇಳುತ್ತಾರೆ. ಅವರು ಒಳ್ಳೆ ತತ್ವಪದ ಹಾಡುತ್ತಿದ್ದರು. ಏಕತಾರಿ ಹಿಡಿದು ಕೂತರೆ ನಮ್ಮೂರ ಕಟ್ಟೆ ತುಂಬುತ್ತಿತ್ತು. ಈಗ ಏಕತಾರಿ ಶ್ರುತಿ ಸರಿ ಇದೆಯಾ ಅಂತ ನನ್ನ ಕೈಗೆ ಕೊಡುತ್ತಾರೆ.

ಅವರಿಗೆ ಹೊಟ್ಟೆಪಾಡು, ಬೇರೆ ದಾರಿ ಇರಲಿಲ್ಲ. ನಿಮಗೆ ನಾಬ್ ಕೈಯಲ್ಲೇ ಇದೆ ಅಣ್ಣಾ.

ಬಿಸಿಲೂರಿನವ, ಕಲಬುರಗಿ

ಭೀಮಾ ದಂಡೆಯವರೇ, ನಿಮ್ಮ ಕಾಕಾನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಬರೆದದ್ದಕ್ಕೆ ಭಾಳ ಥ್ಯಾಂಕ್ಸ್.

ಸೋಲ್ಡರ್ ಕಾಕಾ, ನೀವು ಹೇಳಿದ್ದು ಹೌದು. ಬಲಗಡೆ ಸ್ಪೀಕರ್ ವೈರ್ ಉಲ್ಟಾ ಇತ್ತು! ಬದಲಿಸಿದ ತಕ್ಷಣ ಡಗ್ಗಾದ ಗುಮಕಿ ಎರಡೂ ಸ್ಪೀಕರ್ ನಡುವೆ ಬಂದು ನಿಂತಿತು. ಒಂದು ತಿಂಗಳು ಹಾಗೇ ಕೇಳಿದ್ದೇನೆ.

ಆದರೆ 80ಕ್ಕೆ ಇಳಿಸಿದರೆ ಹಾಡು ಬಡವಾಗುತ್ತದೆ. ಬೇಸ್ ಮತ್ತೆ ಕಡಿಮೆ ಅನಿಸುತ್ತದೆ. ಇದಕ್ಕೇನು ಮಾಡಬೇಕು? ಕಲ್ಲಿನ ನೆಲಕ್ಕೂ ಏನಾದರೂ ಉಪಾಯ ಇದೆಯಾ? ಮತ್ತೆ ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆ ಇದೆ, ಅವರು ಏನೂ ಅಂದಿಲ್ಲ, ಆದರೆ ನಾನೇ ತಿಳಿದುಕೊಳ್ಳಬೇಕಲ್ವಾ.

ಸೋಲ್ಡರ್ ಕಾಕಾ, ಬೀದರ್

ಅದು ಆಂಪ್‌ನ ತಪ್ಪಲ್ಲ ತಮ್ಮಾ, ಕಿವಿಯ ಸ್ವಭಾವ. ಸೌಂಡ್ ಇಳಿದ ಹಾಗೆ ನಮ್ಮ ಕಿವಿಗೆ ಬೇಸ್ ಬೇರೆಲ್ಲದಕ್ಕಿಂತ ಬೇಗ ಕಮ್ಮಿ ಆಗುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಅಂತ ಇಬ್ಬರು 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದಾರೆ. ಅದಕ್ಕೇ ಹಳೆಯ ಆಂಪ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಸ್ವಿಚ್ ಇರುತ್ತಿತ್ತು. ಜೋರು ಮಾಡಲಿಕ್ಕೆ ಅಂತ ಎಲ್ಲರೂ ತಿಳಿಯುತ್ತಾರೆ, ಅದು ಇರುವುದು ಮೆಲ್ಲಗೆ ಕೇಳುವವರಿಗೆ. ಯಮಾಹಾದ ಕೆಲವು ಆಂಪ್‌ಗಳಲ್ಲಿ ಈಗಲೂ ಅದಕ್ಕೆ ಬೇರೆ ನಾಬ್ ಇದೆ. ನಿನ್ನದರಲ್ಲಿ ಇಲ್ಲದಿದ್ದರೆ ಬೇಸ್ ನಾಬ್ ಒಂದೆರಡು ಗೆರೆ ಏರಿಸು, ಪರವಾಗಿಲ್ಲ. ಸ್ಪೀಕರ್ ಗೋಡೆಗೆ ಸ್ವಲ್ಪ ಹತ್ತಿರ ಸರಿಸಿದರೂ ಬೇಸ್ ಕೂಡುತ್ತದೆ, ಪೂರ್ತಿ ಮೂಲೆಗೆ ಒತ್ತಬೇಡ, ಗುಂಯ್ ಅನ್ನುತ್ತದೆ.

ಒಂದು ವಾರ ತಡಿ. ಮೊದಲ ಎರಡು ದಿನ ಬಡವು ಅನಿಸುತ್ತದೆ, ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ.

ನೆಲಕ್ಕೆ ಖರ್ಚು ಬೇಡ. ಸ್ಪೀಕರ್‌ಗೂ ಸೋಫಾಗೂ ನಡುವೆ ಒಂದು ದಪ್ಪ ಜಮಖಾನೆ ಹಾಸು. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತದಲ್ಲ, ಅದನ್ನು ಸೋಫಾದ ಹಿಂದಿನ ಗೋಡೆಗೆ ತೂಗು ಹಾಕು, ಗೋಡೆಗೂ ಅದಕ್ಕೂ ಎರಡು ಬೆರಳು ಜಾಗ ಬಿಟ್ಟು. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡಿ ಮುಂಚೆ, ಆಮೇಲೆ ಇನ್ನೊಂದು ಹೊಡಿ. ಆ ಟಿಣ್ ಅಂತ ಉಳಿಯುವುದು ಹೋಗಿರುತ್ತದೆ. ಬೇಸ್ ಕೌದಿಗೆಲ್ಲ ಬಗ್ಗುವುದಿಲ್ಲ, ಆದರೆ ಮೇಲಿನ ಸ್ವರ, ಮಾತು ಬಿಡಿಬಿಡಿಯಾಗಿ ಕೇಳುತ್ತವೆ. ಬಿಡಿಯಾಗಿ ಕೇಳಿದರೆ ಏರಿಸುವ ಮನಸ್ಸೇ ಬರುವುದಿಲ್ಲ.

ಶ್ರವಣ, ಕಲಬುರಗಿ

ಆಪ್ ಬಗ್ಗೆ ಒಂದು ಮಾತು. ಫೋನ್ ಮೈಕ್ ಕೆಲವು ಡೆಸಿಬಲ್ ಆಚೀಚೆ ತೋರಿಸಬಹುದು, ಅದಕ್ಕೆ 80 ಅಂತ ಗೆರೆಗೇ ನಿಲ್ಲಬೇಡಿ, 77, 78ಕ್ಕೆ ಇಡಿ. ಸೆಟ್ಟಿಂಗ್‌ನಲ್ಲಿ 'ಎ' ವೇಯ್ಟಿಂಗ್ (ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸಿ ಅಳೆಯುವ ಬಗೆ) ಇರಲಿ, ಕ್ಷಣಕ್ಷಣದ ನಂಬರ್ ಬಿಟ್ಟು ಸರಾಸರಿ ನೋಡಿ. ಐಫೋನ್ ಇದ್ದವರಿಗೆ ನಯೋಶ್‌ನದೇ ಉಚಿತ ಆಪ್ ಇದೆ.

ಪಕ್ಕದ ಮನೆ ಬಗ್ಗೆ ಕೇಳಿದಿರಿ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಜನವಸತಿ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಇದೆ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ನಮ್ಮ ಸ್ವಂತ ಸಿಸ್ಟಮ್‌ನ ಸೌಂಡ್ ನಮ್ಮ ಮನೆಯ ಗಡಿಯಲ್ಲಿ ಅದಕ್ಕಿಂತ 5ಕ್ಕೂ ಜಾಸ್ತಿ ಆಗಬಾರದು. ಕಾಂಪೌಂಡ್ ಹತ್ತಿರ ಹೋಗಿ ಒಮ್ಮೆ ಅಳೆಯಿರಿ. ಆದರೆ ಬೇಸ್ ಗೋಡೆ ದಾಟಿ ಹೋಗುತ್ತದೆ, 'ಎ' ಮೀಟರ್ ಅದನ್ನು ಕಡಿಮೆ ತೋರಿಸುತ್ತದೆ. ಹಾಗಾಗಿ ಮೀಟರ್‌ಗಿಂತ ಆ ಹುಡುಗಿಯನ್ನೇ ಕೇಳುವುದು ಒಳ್ಳೆಯದು, ಯಾವ ಹೊತ್ತಿಗೆ ಓದುತ್ತೀ ಅಂತ.

ಬಿಸಿಲೂರಿನವ, ಕಲಬುರಗಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಕಿವಿ ತೋರಿಸಿದೆ. ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ತೆಗೆದರು. ಆಡಿಯೊಗ್ರಾಮ್‌ನಲ್ಲಿ ಎರಡೂ ಕಿವಿ ನಾರ್ಮಲ್ ಬಂದಿವೆ, ಎಡಗಡೆ ಗೆರೆ 4000ದ ಹತ್ತಿರ ಚೂರು ಕೆಳಗೆ ಬಾಗಿದೆ. ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಕುಂಯ್ ಮತ್ತೆ ಬಂದಿಲ್ಲ.

ಕೂಲರ್ ಕಿಟಕಿಯ ಹೊರಗೆ ಹೋಯಿತು. ಕೌದಿ ಗೋಡೆಗೆ ಬಂತು, ನಮ್ಮಜ್ಜಿ ಹೊಲಿದದ್ದು, ಇಷ್ಟು ದಿನ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದೆವು. ಅವ್ವ ಅದನ್ನು ನೋಡಿದಾಗೆಲ್ಲ ಯಾವ ತುಂಡು ಯಾರ ಸೀರೆಯದು ಅಂತ ಮಗಳಿಗೆ ಹೇಳುತ್ತಾಳೆ. ಮಗಳ ಚಿತ್ರದ ಸಾಮಾನೆಲ್ಲ ಸೋಫಾದ ಹಿಂದೆ ಹೋಗಿವೆ. ಪಕ್ಕದ ಮನೆಯ ಹುಡುಗಿ ಏಳರಿಂದ ಒಂಬತ್ತು ಓದುತ್ತಾಳಂತೆ, ಅಷ್ಟು ಹೊತ್ತು ಆಂಪ್ ಬಂದ್.

ಹೆಂಡತಿ ಸೋಫಾದಲ್ಲಿ ಕಿವಿಯ ಎತ್ತರಕ್ಕೆ ಫೋನ್ ಹಿಡಿದು ಕೂತಳು, ನಾನು ನಾಬ್ ತಿರುಗಿಸುತ್ತಾ ಹೋದೆ. ಸರಾಸರಿ 78 ಬಂದ ಜಾಗದಲ್ಲಿ ಅವಳ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟೆವು. ಅದಕ್ಕಿಂತ ಕೆಳಗೆ 72ಕ್ಕೆ ಗುಲಾಬಿ ಬಣ್ಣದ ಇನ್ನೊಂದು ಚುಕ್ಕೆ, ಮಗಳು ಹಾಲ್‌ನಲ್ಲಿ ಇರುವಾಗ ಅದು. ಹಾಡು ಹಾಕುವ ಫೋನಿನ ವಾಲ್ಯೂಮ್ ಯಾವಾಗಲೂ ಫುಲ್, ಇಲ್ಲದಿದ್ದರೆ ಚುಕ್ಕೆಯ ಲೆಕ್ಕ ತಪ್ಪುತ್ತದೆ.

ನಿನ್ನೆ ಭಾನುವಾರ ಬೆಳಗ್ಗೆ ಆರೂವರೆಗೆ ಅದೇ ಹಳೆಯ ರೆಕಾರ್ಡಿಂಗ್ ಹಾಕಿದೆ. ಫ್ಯಾನ್ ಇಲ್ಲ, ಏನೂ ಇಲ್ಲ. ಗುಲಾಬಿ ಚುಕ್ಕೆಯಲ್ಲೇ ತಂಬೂರಿಯ ನಾಲ್ಕೂ ತಂತಿ ಕೇಳಿಸಿದವು. ಮಗಳು ಎದ್ದು ಬಂದು ಪಕ್ಕ ಕೂತು, ಅಪ್ಪಾ, ಹಾಡುವ ಮುಂಚೆ ಈ ಅಜ್ಜ ಉಸಿರು ತಗೊಂಡರು ಅಂದಳು.